ಆಷಾಢಕ್ಕೆ ಮುಂಚೆ ಉಕ್ಕಿಸಿದ ಹಾಲು

ನಮ್ಮನ್ನು ಯಾರೂ ಮನೆಯಿಂದ ಹೊರಗೆ ಹಾಕಲಿಲ್ಲ. ಹಾಕಿದ್ದರೆ ಬೈಯಲಿಕ್ಕಾದರೂ ಒಬ್ಬರು ಸಿಗುತ್ತಿದ್ದರು. ನಾವೇ ಕೆಳಗಿಳಿದು ಹೋಗಿ, ಬರುವ ತಿಂಗಳು ಮನೆ ಬಿಡುತ್ತೇವೆ ಎಂದು ಹೇಳಿ, ಮೇಲಿಂದ ಪೇಢೆ ಬೇರೆ ಕೊಟ್ಟು ಬಂದೆವು. ಧರಮಪೇಠದ ಆ ಮನೆಯಲ್ಲಿ ಒಂಬತ್ತು ವರ್ಷ ಇದ್ದವರು ನಾವು. ಕೆಳಗೆ ಮನೆಯೊಡತಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಮರಾಠಿ ಹೆಂಗಸು. ಮೇಲೆ ನಾನು, ನಮ್ಮ ಮನೆಯವರು, ಅತ್ತೆ, ಮಗಳು.

ಬಿಡಲು ಕಾರಣ ಅತ್ತೆಯ ಮೊಣಕಾಲು. ರಾಮದಾಸಪೇಠದ ಆಸ್ಪತ್ರೆಯಲ್ಲಿ ಒಂದಕ್ಕೆ ಆಪರೇಶನ್ ಆಯಿತು. ಇನ್ನೊಂದನ್ನು ಮುಟ್ಟುವುದು ಬೇಡ, ಇವರ ಹೃದಯ ತಡೆಯುವುದಿಲ್ಲ, ಮೆಟ್ಟಿಲು ಮಾತ್ರ ಹತ್ತಿಸಲೇಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ನಮ್ಮದೋ ಮಹಡಿ ಮನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ನಮ್ಮ ಮನೆಯವರು, ಇನ್ನೊಂದು ಕಡೆ ಆಟೊದವನು ಹಿಡಿದು ಮೇಲೆ ಹತ್ತಿಸಿದರು. ಓಣಿಯ ಜನ ನೋಡುತ್ತಿದ್ದರಲ್ಲ, ಅತ್ತೆ ಮುಖದ ಮೇಲೆ ಸೆರಗು ಎಳೆದುಕೊಂಡರು. ಮೇಲೆ ಬಂದ ಮೇಲೆ, "ನನ್ನ ಹೆಣಾ ಇಳಿಸೂ ಮುಂದ ಈ ಕುರ್ಚಿ ತರಬ್ಯಾಡ್ರಿಪಾ, ಒಂದ್ ಕಾಲು ಲಡಬಡ ಅಂತೈತಿ" ಅಂದರು. ನಾವು ನಕ್ಕೆವು. ಆಮೇಲೆ ಎಷ್ಟೋ ದಿನ ಅವರು ಕೆಳಗಿಳಿಯಲೇ ಇಲ್ಲ. ಬಾಲ್ಕನಿಯ ಸರಳು ಹಿಡಿದು ಓಣಿಯಲ್ಲಿ ತರಕಾರಿ ಗಾಡಿಯವನ ಜೊತೆ ಮುರುಕು ಹಿಂದಿಯಲ್ಲಿ ಚೌಕಾಸಿ ಮಾಡುವುದು, ಅದೇ ಅವರ ಹೊರಗಿನ ಲೋಕ.

ಹಾಗಾಗಿ ನೆಲದ ಮೇಲಿನ ಮನೆ ಬೇಕಿತ್ತು. ಅಷ್ಟೇ ನಮ್ಮ ಆಸೆ. ಮಗಳಿಗೆ ಹನ್ನೆರಡನೆಯ ಈಯತ್ತೆ, ಕಾಲೇಜು, ಕ್ಲಾಸು ಎಲ್ಲ ಇಲ್ಲೇ. ನಮ್ಮ ಮನೆಯವರದು ಸಾವನೇರ್ ಹತ್ತಿರದ ಗಣಿಯಲ್ಲಿ ಕೆಲಸ, ಆದರೆ ಗುತ್ತಿಗೆದಾರನ ಕೈಕೆಳಗೆ. ಕ್ವಾರ್ಟರ್ಸು ಕಾಯಂ ನೌಕರರಿಗೆ. ಕಲ್ಲಿದ್ದಲ ಧೂಳು ಮಾತ್ರ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಎರಡು ಓಣಿ ಆಚೆ ಒಂದು ಮನೆ ಸಿಕ್ಕಿತು. ಒಂದೇ ಒಂದು ಮೆಟ್ಟಿಲಿಲ್ಲ. ಹೊಸ್ತಿಲು ಕೂಡ ಸವೆದು ನೆಲಕ್ಕೆ ಸಮ. ಮಾಲೀಕರು ಹಿಂದಿಯವರು, ರಿಟೈರಾದ ಸಾಹೇಬರು, ಬಿಳಿ ಪೈಜಾಮ, ಬಾಯಿ ತುಂಬ ಮಾತು. "ಫಿಕರ್ ಮತ್ ಕೀಜಿಯೇ ಭಾಭೀಜಿ, ಅಪನಾ ಹೀ ಘರ್ ಸಮಝಿಯೇ" ಅಂದರು, ನಿಮ್ಮದೇ ಮನೆ ಎಂದುಕೊಳ್ಳಿ ಎಂದು. ಅಗ್ರಿಮೆಂಟು ಮಗ ಪುಣೆಯಿಂದ ಬಂದ ಮೇಲೆ ಮಾಡೋಣ ಎಂದರು. ನಾವು ಆಯಿತು ಎಂದೆವು.

ಇಲ್ಲಿ ಬಂತು ನೋಡಿ ನಮ್ಮ ಶಾಸ್ತ್ರ. ಆಷಾಢ ಹತ್ತಿರವಿತ್ತು. ಆಷಾಢದಲ್ಲಿ ಹೊಸ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಅದಕ್ಕೆ ನಮ್ಮ ಕಡೆಯವರು ಒಂದು ಉಪಾಯ ಮಾಡಿಕೊಂಡಿದ್ದಾರೆ: ಮೊದಲೇ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ ಬಂದುಬಿಡುವುದು. ಒಮ್ಮೆ ಹಾಲು ಉಕ್ಕಿತೆಂದರೆ ಸಂಸಾರ ಅಲ್ಲಿಗೆ ಹೋದ ಲೆಕ್ಕ. ಸಾಮಾನು ಆಮೇಲೆ ಯಾವಾಗಲಾದರೂ ಹೋಗಬಹುದು.

"ಅಗ್ರಿಮೆಂಟ್ ಇನ್ನೂ ಆಗಿಲ್ಲ ಅತ್ತಿ, ಸ್ವಲ್ಪ ತಡೀರಿ" ಎಂದು ನಾನು ಅಂದೆ.

"ಕಾಗದ ಯಾವಾಗ ಬೇಕಾದ್ರೂ ಆಕ್ಕೈತಿ. ಮುಹೂರ್ತ ತಿರುಗಿ ಬರ್ತೈತೇನು?" ಅಂದರು ಅತ್ತೆ.

ಸಾಹೇಬರನ್ನು ಕೇಳಿದರೆ, "ಹಾಂ ಹಾಂ, ಪೂಜಾ ಕರ್ ಲೀಜಿಯೇ" ಎಂದು ಒಂದು ದಿನದ ಮಟ್ಟಿಗೆ ಕೀಲಿ ಕೊಟ್ಟರು. ಬೆಳಗಿನ ಜಾವ, ಕಾಕು ಬಾಗಿಲು ತೆರೆಯುವ ಮೊದಲೇ, ಅದೇ ಲಡಬಡ ಕುರ್ಚಿಯಲ್ಲಿ ಅತ್ತೆಯನ್ನು ಇಳಿಸಿದೆವು. ಆಟೊದಿಂದ ಇಳಿದು, ವಾಕರ್ ಹಿಡಿದು, ಯಾರ ಕೈಯನ್ನೂ ಮುಟ್ಟಗೊಡದೆ ತಾವೇ ಹೊಸ್ತಿಲು ದಾಟಿದರು. ಹಿತ್ತಲ ಬಾಗಿಲ ತನಕ ಹೋಗಿ ಅಲ್ಲಿನ ನಳ ತಿರುಗಿಸಿ ನೋಡಿ, ಮತ್ತೆ ಮುಂಬಾಗಿಲಿಗೆ ಬಂದು, ಮತ್ತೆ ಹಿತ್ತಲಿಗೆ ಹೋದರು. ಇಷ್ಟು ದಿನ ಆ ಜೀವ ಎಷ್ಟು ಸಣ್ಣ ಜಾಗದಲ್ಲಿ ಮುದುಡಿಕೊಂಡಿತ್ತು ಎಂದು ನನಗೆ ಅವತ್ತು ಗೊತ್ತಾಯಿತು. ಹಾಲು ಉಕ್ಕಿತು, ಮೂಡಣ ದಿಕ್ಕಿಗೇ ಉಕ್ಕಿತು. ಅಡುಗೆಮನೆಯ ಮೂಲೆಯಲ್ಲಿ ಹಿತ್ತಾಳೆಯ ದೀಪದ ಸಮೆ, ಒಂದು ಪಾವು ಅಕ್ಕಿ, ಉಪ್ಪು, ಅರಿಸಿಣ ಇಟ್ಟು, "ಇನ್ನ ಇದು ನಮ್ಮ ಮನಿ" ಅಂದರು. ಅವರ ಮುಖ ನೋಡಿ ನಾನೂ ನಂಬಿದೆ. ನಾನಷ್ಟೇ ಅಲ್ಲ, ಲೆಕ್ಕಪಕ್ಕ ಬಲ್ಲ ನಮ್ಮ ಮನೆಯವರೂ ನಂಬಿದರು.

ಅದೇ ಸಂಜೆ ಕಾಕುಗೆ ಪೇಢೆ ಕೊಟ್ಟು ವಿಷಯ ಹೇಳಿದೆವು. ಕಾಕು ಪೇಢೆ ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು, "ಕಧೀ ಠರಲಂ?" ಎಂದು ಕೇಳಿದರು. ಯಾವಾಗ ನಿಶ್ಚಯ ಮಾಡಿದಿರಿ ಎಂದು. ಆ ಪ್ರಶ್ನೆಯ ಹಿಂದಿನ ಮುನಿಸು ನನಗೆ ಆಗ ಹೊಳೆಯಲಿಲ್ಲ.

ಅಗ್ರಿಮೆಂಟಿಗೆ ಯಾವಾಗ ಬರಲಿ ಎಂದು ನಮ್ಮ ಮನೆಯವರು ಫೋನ್ ಮಾಡುತ್ತಲೇ ಇದ್ದರು. ಮೊದಲು ಮಗ ಬಂದಿಲ್ಲ, ಆಮೇಲೆ ಮಗನಿಗೆ ಹುಷಾರಿಲ್ಲ, ಆಮೇಲೆ ಫೋನೇ ಎತ್ತಲಿಲ್ಲ. ಆಷಾಢ ಶುರುವಾಗಿ ಮಳೆ ಹಿಡಿದ ಒಂದು ಮಧ್ಯಾಹ್ನ ಸಾಹೇಬರೇ ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲ. "ಆಪ್‌ಕಾ ಸಾಮಾನ್ ರಹ್ ಗಯಾ ಥಾ, ಭಾಭೀಜಿ" ಎಂದು, ನಾವು ಬಿಟ್ಟುಬಂದಿದ್ದ ಸಾಮಾನನ್ನು ನನ್ನ ಕೈಗೆ ಕೊಟ್ಟರು. ಒಳಗೆ ನಮ್ಮ ಸಮೆ. ಅಕ್ಕಿಯೂ ಉಪ್ಪೂ ಕಲೆತುಹೋಗಿದ್ದವು. ಮಗನ ಸ್ನೇಹಿತ ಡಾಕ್ಟರಂತೆ, ಅಲ್ಲಿ ಕ್ಲಿನಿಕ್ ಹಾಕುತ್ತಾನಂತೆ, ಪೇಶೆಂಟುಗಳಿಗೆ ಮೆಟ್ಟಿಲಿಲ್ಲದ ಜಾಗವೇ ಬೇಕಂತೆ. "ನಾವು ಹಾಲು ಉಕ್ಕಿಸಿದ್ದೇವೆ, ಈ ಮನೆಗೆ ನೋಟೀಸು ಕೊಟ್ಟಿದ್ದೇವೆ" ಎಂದೆ, ಹಿಂದಿಯಲ್ಲಿ ಬಾಯಿ ತೊದಲುತ್ತ. "ವೋ ತೋ ಆಪ್‌ಕೀ ಶ್ರದ್ಧಾ ಹೈ" ಎಂದು ಕೈಮುಗಿದರು, ಅದು ನಿಮ್ಮ ನಂಬಿಕೆ, ನನಗೇನು ಎನ್ನುವ ಹಾಗೆ. ಎಂಥ ನಯ! ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆ ಮನುಷ್ಯನ ಸ್ಕೂಟರ್ ಓಣಿ ದಾಟುವ ತನಕ ನಾನು ಬಾಗಿಲಲ್ಲೇ ನಿಂತು ಕನ್ನಡದಲ್ಲಿ ಶಪಿಸಿದೆ, ಅವನಿಗೆ ತಿಳಿಯದ ಭಾಷೆಯಲ್ಲಿ.

ಅತ್ತೆ ಚೀಲ ತೆಗೆದುಕೊಂಡು, ಸಮೆಯನ್ನು ಸೆರಗಿನಿಂದ ಒರೆಸಿ, ದೇವರ ಮುಂದೆ ಇಟ್ಟರು.

ಕಾಕು ಹತ್ತಿರ ಹೋದೆ. ತಪ್ಪಾಯಿತು ಕಾಕು, ನಾವು ಇಲ್ಲೇ ಇರುತ್ತೇವೆ ಎಂದೆ. "ಆತಾ ನಾಹೀ ಜಮಣಾರ್" ಎಂದರು, ಇನ್ನು ಆಗುವುದಿಲ್ಲ ಎಂದು. ಬ್ಯಾಂಕಿನವರೊಬ್ಬರಿಗೆ ಮಾತು ಕೊಟ್ಟಾಗಿದೆಯಂತೆ. ಆಮೇಲೆ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. ನಿನ್ನ ಸಾಸೂಬಾಯಿ ಆಸ್ಪತ್ರೆಯಲ್ಲಿದ್ದಾಗ ದಿನಾ ಡಬ್ಬಿ ಕಟ್ಟಿ ಕೊಟ್ಟವಳು ನಾನು, ನನಗೆ ಒಂದು ಮಾತು ಹೇಳದೆ ಕದ್ದು ಹೋಗಿ ಇನ್ನೊಬ್ಬರ ಮನೆಯಲ್ಲಿ ಹಾಲು ಉಕ್ಕಿಸಿ ಬಂದಿರಿ, ಹಾಲು ಅಲ್ಲಿ ಉಕ್ಕಿದ ಮೇಲೆ ನಿಮ್ಮ ಮನೆ ಇಲ್ಲೆಲ್ಲಿದೆ ಎಂದರು. ಡಬ್ಬಿಯ ಮಾತು ನಿಜ. ಬೇಕೆಂದರೆ ನಾನಿರುವ ಕೆಳಗಿನ ಮನೆ ನಿಮ್ಮ ಅತ್ತೆಗೆ ಬಿಟ್ಟುಕೊಟ್ಟು ನಾನು ಮೇಲಕ್ಕೆ ಹೋಗುತ್ತಿದ್ದೆ ಎಂದೂ ಸೇರಿಸಿದರು. ಈಗ ಅನ್ನುವುದಕ್ಕೇನು, ನಾಲಗೆಗೆ ಎಲುಬಿಲ್ಲ. ನಾನು ಕಾಲು ಹಿಡಿಯುವುದೊಂದು ಬಾಕಿ. ಹಿಡಿಯಲಿಲ್ಲ.

ಆಮೇಲೆ ಶುರುವಾಯಿತು ನಮ್ಮ ಅಲೆದಾಟ. ಮಳೆಯಲ್ಲಿ ಛತ್ರಿ ಹಿಡಿದು ನಾನು ಮತ್ತು ಮಗಳು, ಮುಂದೆ ದಲಾಲಿ. ಮಗಳ ಮರಾಠಿ ನನ್ನದಕ್ಕಿಂತ ಚೆನ್ನ, ಅವಳೇ ಮಾತಾಡುತ್ತಿದ್ದಳು. ಎಲ್ಲಿಯವರು, ಯಾವ ಜನ, ಏನು ತಿನ್ನುತ್ತೀರಿ, ಎಲ್ಲಕ್ಕೂ ಉತ್ತರ ಕೊಟ್ಟು ಮುಗಿಯುವಾಗ ಕೊನೆಗೆ ಬರುತ್ತಿತ್ತು, ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ ಎಂಬ ಪ್ರಶ್ನೆ. ವಾಕರ್ ಎನ್ನುವ ಮಾತು ಬಂದರೆ ಸಾಕು, ಮುಖ ಬದಲಾಗುತ್ತಿತ್ತು. ಬಾಡಿಗೆ ಮನೆಯಲ್ಲಿ ಸಾವು ಬೇಡ ಎಂದು ಒಬ್ಬಾಕೆ ನೆಟ್ಟಗೇ ಹೇಳಿದಳು. ಅವಳ ಮನೆಯಲ್ಲಿ ಯಾರೂ ಸಾಯುವುದೇ ಇಲ್ಲವೇನೋ!

ನಮ್ಮ ಕನ್ನಡದವರಿಗೂ ಹೇಳಿದೆವು. ರಾಜ್ಯೋತ್ಸವಕ್ಕೆ ಮಗಳಿಂದ ಹಾಡು ಹೇಳಿಸಿ ಚಪ್ಪಾಳೆ ತಟ್ಟುವವರು. ಹುಬ್ಬಳ್ಳಿ ಕಡೆಯವರು, "ಆಷಾಢ ಕಳೀಲಿ ತಡೀರಿ, ನೋಡೋಣ" ಎಂದರು. ಕಾಮ್ಠಿಯ ಕ್ವಾರ್ಟರ್ಸಿನಲ್ಲಿರುವ ಮೈಸೂರಿನಾಕೆ, "ನಮ್ಮಲ್ಲಿ ಗೆಸ್ಟ್ ಇಟ್ಕೊಳ್ಳೋಕೂ ಪರ್ಮಿಷನ್ ಬೇಕು ಕಣ್ರೀ, ಇಲ್ದಿದ್ರೆ ನಿಮ್ಮನ್ನ ಬಿಡ್ತಿದ್ವಾ" ಎಂದು ಬಹಳ ಬೇಜಾರು ಮಾಡಿಕೊಂಡರು. ಅವರ ಬೇಜಾರನ್ನು ಹಾಸಿಕೊಂಡು ಮಲಗಲಿಕ್ಕೆ ಆಗುತ್ತದೆಯೇ?

ಇಷ್ಟರ ಮೇಲೆ ಅತ್ತೆಯದೊಂದು ಹಟ. ನೆಲದ ಮೇಲಿನ ಖೋಲಿಯೊಂದು ಕಡೆಗೂ ಸಿಗುವ ಹಾಗಿತ್ತು. ಕತ್ತಲೆ, ಹಸಿ ಗೋಡೆ, ಆದರೂ ಮೆಟ್ಟಿಲಿರಲಿಲ್ಲ. "ಆಷಾಢದಾಗ ನಾ ಹೊಸಾ ಹೊಸ್ತಿಲ ದಾಟಂಗಿಲ್ಲ. ಹಾಲು ಉಕ್ಕಿಸಿದ ಮನೀನ ಕೈಬಿಟ್ತು, ಇನ್ನ ಇದು ಬ್ಯಾರೆ ಬೇಕೇನು" ಅಂದರು. ಸಾವನೇರಿನಿಂದ ಮೈಯೆಲ್ಲ ಕಪ್ಪಾಗಿ ಬಂದಿದ್ದ ನಮ್ಮ ಮನೆಯವರು ಕೈಕಾಲು ಕೂಡ ತೊಳೆಯದೆ ತಾಯಿಯ ಮುಂದೆ ಕೂತರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅಂದಳು, "ಅಜ್ಜೀ, ನಿನ್ನ ಹಾಲಿನ ಸಲುವಾಗೇ ನಾವು ರಸ್ತೇಕ ಬಂದೀವಿ. ಇನ್ನರ ಬಿಡು."

ಯಾರೂ ಅವಳನ್ನು ಗದರಿಸಲಿಲ್ಲ. ಅತ್ತೆ ನಮ್ಮ ಮನೆಯವರ ಮುಖ ನೋಡಿದರು, ನನ್ನ ಮುಖ ನೋಡಿದರು. ಯಾರಾದರೂ ಒಬ್ಬರು ಹುಡುಗಿಗೆ ಸುಮ್ಮನಿರು ಎನ್ನಲಿ ಎಂದು ಕಾದರು ಅನಿಸುತ್ತದೆ. ಆಮೇಲೆ, "ನನ್ನ ಹುಬ್ಬಳ್ಳಿಗೆ ಕಳಿಸ್ರಿ, ಮಗಳ ಮನ್ಯಾಗ ಇರ್ತೀನಿ. ನೀವು ಛಲೋ ಮನಿ ನೋಡ್ರಿ, ಹಾಲು ಉಕ್ಕಿಸ್ರಿ, ಆಮ್ಯಾಲೆ ಕರಸ್ರಿ" ಅಂದರು. ಅಷ್ಟರಲ್ಲಿ ಆ ಖೋಲಿಯೂ ಬೇರೆಯವರ ಪಾಲಾಯಿತು.

ನಮ್ಮ ಮನೆಯವರು ಅವರನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದರು. ನಾದಿನಿ ಫೋನಿನಲ್ಲಿ, "ಎಷ್ಟ್ ದಿವ್ಸದ ಮಾತು ವೈನಿ?" ಎಂದಳು. ಸ್ವಲ್ಪೇ ದಿವಸ ಎಂದೆ. ತಿಂಗಳು ತುಂಬಿದ ದಿನ ಕಪಾಟು, ಪಾತ್ರೆ, ಗಾದಿ ಎಲ್ಲ ಒಂದು ಟೆಂಪೊದಲ್ಲಿ ಸಾವನೇರಿಗೆ, ಗುತ್ತಿಗೆದಾರನ ಶೆಡ್ಡಿಗೆ ಹೋದವು. ನಮ್ಮ ಮನೆಯವರೂ ಅಲ್ಲೇ, ಸಾಮಾನಿನ ಜೊತೆ. ನಾನು ಮತ್ತು ಮಗಳು ರಾಮದಾಸಪೇಠದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ, ಒಂದು ಮಂಚದ ಮೇಲೆ ಇಬ್ಬರು. ಅಲ್ಲಿನ ಹುಡುಗಿಯರು ನನ್ನನ್ನು ಆಂಟಿ ಎಂದು ಕರೆದು, ಈ ವಯಸ್ಸಿನಲ್ಲಿ ಇಲ್ಲಿಗೇಕೆ ಬಂದಿದ್ದಾಳೆ ಎಂಬಂತೆ ನೋಡುತ್ತಿದ್ದರು. ಬ್ಯಾಂಕಿನವರು ಕಾಕು ಮನೆಗೆ ಬರಲೇ ಇಲ್ಲ. ಕ್ಲಾಸಿಗೆ ಹೋಗುವಾಗ ಮಗಳು ದಿನಾ ನೋಡುತ್ತಿದ್ದಳು, ನಮ್ಮ ಬಾಲ್ಕನಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಕೇಳಲು ಮತ್ತೆ ಹೋಗೋಣ ಎಂದರೆ ನನ್ನ ಕಾಲು ಏಳಲಿಲ್ಲ. ಕಾಕುವೂ ಕರೆಯಲಿಲ್ಲ.

ಶ್ರಾವಣದಲ್ಲಿ ಕೊನೆಗೂ ಮನೆ ಸಿಕ್ಕಿತು. ಅತ್ತೆ ಜೊತೆಗಿಲ್ಲವಲ್ಲ, ಹಾಗಾಗಿ ಸಿಕ್ಕಿತು. ದಲಾಲಿ ಕೇಳಿದ, ಮನೆಯಲ್ಲಿ ಯಾರ್‍ಯಾರು ಎಂದು. ಮೂರೇ ಜನ ಎಂದರು ನಮ್ಮ ಮನೆಯವರು, ತಲೆ ತಗ್ಗಿಸಿಕೊಂಡು. ಮೂರನೆಯ ಮಹಡಿ. ಲಿಫ್ಟ್ ಇಲ್ಲ. ಒಂದು ಖೋಲಿ, ಒಂದು ಅಡುಗೆಮನೆ. ಅಗ್ರಿಮೆಂಟಿಗೆ ಸಹಿ ಹಾಕಿಯೇ ಕೀಲಿ ತೆಗೆದುಕೊಂಡೆವು.

ಮೊದಲ ದಿನ ಗ್ಯಾಸಿನ ಮೇಲೆ ಹಾಲಿಟ್ಟೆ. ಮಗಳು ಪಕ್ಕದಲ್ಲಿ ನಿಂತಿದ್ದಳು. ಹಾಲು ಮೇಲೇರಿ ಪಾತ್ರೆಯ ಅಂಚಿಗೆ ಬಂತು, ನಾನು ಗ್ಯಾಸ್ ಆರಿಸಿದೆ.

"ಉಕ್ಕಸೂದಿಲ್ಲೇನವ್ವಾ?" ಎಂದು ಮಗಳು ಕೇಳಿದಳು.

"ಉಕ್ಕಿಸಿದ್ದು ಸಾಕು, ಚಹಾ ಮಾಡು" ಎಂದೆ.

ಚಹಾ ಕುಡಿಯುವಾಗ ಹುಬ್ಬಳ್ಳಿಯಿಂದ ಫೋನು ಬಂತು. ಅತ್ತೆಗೆ ಯಾರೋ ಹೇಳಿದ್ದಾರೆ, ಮನೆ ಸಿಕ್ಕಿತು ಎಂದು.

"ಹಾಲು ಉಕ್ಕಿಸಿದಿ?"

"ಹ್ಞೂಂ ಅತ್ತಿ."

"ಯಾ ದಿಕ್ಕಿಗೆ ಉಕ್ತು?"

"ಮೂಡಣಕ್ಕ."

"ಭಾಳ ಛಲೋ ಆತವಾ" ಅಂದರು. ಅವರ ದನಿ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು. "ನಾ ಚೀಲಾ ಕಟ್ಟಿಟ್ಟೀನಿ. ಅವನ್ನ ಯಾವಾಗ ಕಳಸ್ತಿ ಕರಕೊಂಡು ಹೋಗಾಕ? ಮನೀಗೆ ಮೆಟ್ಟಲಾ ಇಲ್ಲಲ್ಲ?"

ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ಕಪ್ಪು ಎತ್ತಿಕೊಂಡು ಅಡುಗೆಮನೆಗೆ ಹೋದರು.

"ಕೇಳಸವಲ್ದು ಅತ್ತಿ, ಲೈನ್ ಸರಿ ಇಲ್ಲ" ಎಂದೆ. ಅವರು ಅದನ್ನು ನಂಬಿ, ನಾದಿನಿಯ ಮನೆಯೆಲ್ಲ ಕೇಳುವ ಹಾಗೆ, ಅದೇ ಮಾತನ್ನು ಮತ್ತೆ ಗಟ್ಟಿಯಾಗಿ ಕೇಳಿದರು.