ಸೂರ್ಯನ ಮೇಲೆ ಹೊರಿಸಿದ್ದು

ಸೂರ್ಯನ ಬಿರುಗಾಳಿ ಪುಣೆಯ ತಂತಿಗಳನ್ನು ಎಂದಿಗೂ ಮುಟ್ಟದು ಎಂದವರು ನನ್ನ ಪ್ರಾಜೆಕ್ಟ್ ನೋಡುತ್ತಿದ್ದ ಸರ್. ಅವರ ಮಾತೇ ನಿಜವೆಂದು ನನ್ನ ಕೈಯಲ್ಲಿದ್ದ ಮೀಟರು ತೋರಿಸಿತು. ತೋರಿಸಿದ ಮೇಲೂ ನಾನು ಬಸಣ್ಣ ಮಾಮಾನಿಗೆ ಹೇಳಲಿಲ್ಲ. ಅವನ ಕೆಲಸ ಹೋದದ್ದು ನನ್ನಿಂದ.

ಮಾಮಾ ಅಂದರೆ ಅವ್ವನ ತಮ್ಮ. ಕಲಬುರ್ಗಿ ಕಡೆಯಿಂದ ಬಂದ ನಮ್ಮವರೆಲ್ಲ ಪುಣೆಯ ಕೋಥರೂಡದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಅವನೊಬ್ಬ ಮಾತ್ರ ಖಡಕಿಯಾಚೆ ಒಂದು ಸಬ್‌ಸ್ಟೇಷನ್ನಿನಲ್ಲಿ ಗುತ್ತಿಗೆಯ ಆಪರೇಟರ್ ಆಗಿದ್ದ. ಕಾಲೇಜು ಮೆಟ್ಟಿಲು ಹತ್ತಿದವಳು ನಮ್ಮಲ್ಲಿ ನಾನೇ ಮೊದಲು. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ — ಎಲ್ಲ ಕೆಟ್ಟದ್ದೂ ಅದರಿಂದಲೇ.

ಸೂರ್ಯ ಕೆರಳಿ ಬಿರುಗಾಳಿ ಎಬ್ಬಿಸಿದಾಗ ಧ್ರುವಗಳ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುತ್ತದೆ, ಅಲ್ಲಿ ಭಾರೀ ವಿದ್ಯುತ್ ಹರಿಯುತ್ತದೆ. ಭೂಮಿಯ ಕಾಂತಶಕ್ತಿ ಅಲುಗುತ್ತದೆ. ಆಗ ಉದ್ದನೆಯ ತಂತಿಗಳಲ್ಲಿ ಬೇಡದ ಕರೆಂಟು ಹುಟ್ಟಿ, ಟ್ರಾನ್ಸ್‌ಫಾರ್ಮರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇದು ಉತ್ತರದ ಚಳಿ ದೇಶಗಳ ಪಾಡು. ಪುಣೆಯಲ್ಲೂ ಹಿಡಿದು ತೋರಿಸುತ್ತೇನೆಂದು ನಾನು ಹಟ ಹಿಡಿದಿದ್ದೆ.

ಅಂಥದೊಂದು ಬಿರುಗಾಳಿಯ ಸುದ್ದಿ ಪೇಪರಿನಲ್ಲಿ ಬಂದ ವಾರವೇ ಮಾಮಾನ ಟ್ರಾನ್ಸ್‌ಫಾರ್ಮರು ದನಿ ಬದಲಿಸಿತು. ನನ್ನ ಕುಣಿತ ಕೇಳಬೇಡಿ. ಕಾಲೇಜಿನ ಮೀಟರು ಎತ್ತಿಕೊಂಡು ಓಡಿದೆ. ‘ನಮ್ಮ ಹುಡುಗಿ ಸೂರ್ಯನ ನಾಡಿ ನೋಡ್ತಾಳ’ ಎಂದು ಗೇಟಿನವನಿಗೆ ಹೇಳಿ ಮಾಮಾ ನನ್ನನ್ನು ಒಳಗೆ ಬಿಟ್ಟ.

“ನೀಲಾ, ಭಾಳ ಗುಂಯ್ ಅನ್ಲಕತ್ತದ. ಸಾಹೇಬರಿಗೆ ಹೇಳ್ಲೇನು?”

“ಸೂರ್ಯಂದು ಅದು, ಮಾಮಾ. ತಾನೇ ಇಳೀತದ. ಹೇಳಬ್ಯಾಡ.”

ಹೇಳಿದರೆ ಬಂದ್ ಮಾಡಿಬಿಡುತ್ತಾರೆ, ನನ್ನ ಅಳತೆ ತಪ್ಪುತ್ತದೆ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಆಮೇಲೆ ನೆಲಕ್ಕಿಳಿಯುವ ತಂತಿಗೆ ಮೀಟರು ಹಾಕಿದೆ; ಸೂರ್ಯನ ಕರೆಂಟಾದರೆ ಅದರಲ್ಲೇ ಹರಿಯಬೇಕು. ಸೊನ್ನೆ. ಮತ್ತೆ ಮತ್ತೆ ನೋಡಿದೆ, ಸೊನ್ನೆ. ಅಂದರೆ ಆ ದನಿ ಸೂರ್ಯನದಲ್ಲ, ಒಳಗೇ ಏನೋ ಕೆಟ್ಟಿದೆ. ಮಾಮಾ ಪಕ್ಕದಲ್ಲೇ ನಿಂತಿದ್ದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆ. ನಾಳೆ ಮತ್ತೊಮ್ಮೆ ನೋಡೋಣ ಅಂದುಕೊಂಡು...

ಮರುದಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು.

ಯಾಕೆ ತಿಳಿಸಲಿಲ್ಲ ಎಂದು ವಿಚಾರಣೆಯಲ್ಲಿ ಮಾಮಾನನ್ನು ಕೇಳಿದರಂತೆ. ಸೂರ್ಯನ ಬಿರುಗಾಳಿ ಅಂದನಂತೆ. ಹಾಗಾದರೆ ಸೂರ್ಯನಿಗೇ ನೋಟಿಸು ಕೊಡೋಣ ಎಂದು ಸಾಹೇಬರು ಮರಾಠಿಯಲ್ಲಿ ನಕ್ಕರಂತೆ. ಅಷ್ಟಾದರೂ ಅವನ ಬಾಯಿಂದ ನನ್ನ ಹೆಸರು ಬರಲಿಲ್ಲ. ನಾನೂ ಹೋಗಿ ನಿಲ್ಲಲಿಲ್ಲ — ಹೊರಗಿನವಳು ಒಳಗೆ ಹೊಕ್ಕದ್ದು ತಿಳಿದರೆ ಪದವಿಗೆ ಕುತ್ತು ಬಂದೀತೆಂದು. ಪ್ರಾಜೆಕ್ಟಿನಲ್ಲಿ ಮಾತ್ರ ನಿಜ ಬರೆದೆ: ಪುಣೆಯಲ್ಲಿ ಪರಿಣಾಮ ಕಾಣಲಿಲ್ಲ. ಸರ್ ಮೆಚ್ಚಿದರು. ಮಾಮಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಈಗ ಅವನಿಲ್ಲ. ಇದ್ದಾಗ ಹೇಳಲು ನನಗೆ ವರ್ಷಗಳೇ ಇದ್ದವು. ಆ ಮೊದಲ ದಿನವೇ ಹೇಳಬಹುದಿತ್ತು — ಪದವಿ ಪತ್ರ ಹಿಡಿದು ಕೋಥರೂಡದ ವಸತಿ ಸೊಸೈಟಿಯ ಗೇಟಿಗೆ ಹೋದ ದಿನ. ಅಲ್ಲಿ ಅವನು ವಾಚ್‌ಮನ್ ಆಗಿದ್ದ. ಕೈಯನ್ನು ಅಂಗಿಗೆ ಒರೆಸಿಕೊಂಡು ಪತ್ರ ಇಸಿದುಕೊಂಡ. ಅದರಲ್ಲಿ ನನ್ನ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದ.

“ಚಲೋ ಆತವ್ವಾ. ಸೂರ್ಯಂದು ಅಂತ ಅವತ್ತು ನೀ ಹೇಳಿದ್ದಿ ನೋಡು — ಇಲ್ಲಂದ್ರ ನನ್ನ ತಪ್ಪಿಂದನ ಸುಟ್ಟದ ಅಂತ ಸಾಯೂತನಾ ಕೊರಗ್ತಿದ್ದೆ.”