ಒಂಬತ್ತು ಅಡಿಯ ಬೆಂಡು

ಯಲಬುರ್ಗಾದಲ್ಲಿ ಕೂತು ಸರ್ಫಿಂಗ್ ಬೋರ್ಡು ಆರಿಸುವ ಹೆಂಗಸು ನಾನೊಬ್ಬಳೇ ಇರಬೇಕು. ಸಂಜೆ ಸಾಲೆಯ ಮಕ್ಕಳಿಗೆ ಖೋ-ಖೋ ಆಡಿಸಿ, ಕೊರಳಲ್ಲಿ ಸೀಟಿ ಇರುವಂತೆಯೇ ಮನೆಗೆ ಬಂದು, ಚಹಾಕ್ಕಿಟ್ಟು ಮೊಬೈಲು ತೆಗೆದರೆ ಮುಗಿಯಿತು. ಉದ್ದನೆಯವು, ಗಿಡ್ಡವು, ಮೂತಿ ಚೂಪಾದವು, ಬಾಲ ಸೀಳಿದವು. ಅವನ್ನು ನೋಡುತ್ತ ಕೂತು ಚಹಾ ಉಕ್ಕಿಸಿದ್ದು ಎಷ್ಟು ಸಲವೋ. ನನ್ನ ಗಂಡ ತಾಲೂಕು ಕಚೇರಿಯ ನೌಕರ, ದನಿ ಏರಿಸುವವರಲ್ಲ. ಒಲೆ ಒರೆಸುತ್ತ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು, “ನಳಕ್ಕ ನೀರು ಬರೋ ಹಾದಿ ಕಾಯೋ ಊರಾಗ ಇಕಿಗೆ ತೆರಿ ಬೇಕಂತ, ತೆರಿ.”

ಮಾತು ಸುಳ್ಳಲ್ಲ. ನಮ್ಮಿಂದ ಸಮುದ್ರ ಒಂದು ಇಡೀ ರಾತ್ರಿಯ ಬಸ್ಸಿನ ದೂರ. ಆದರೆ ನಾನು ದೈಹಿಕ ಶಿಕ್ಷಣದ ಟೀಚರು. ದಿನವೂ ಲಾಂಗ್ ಜಂಪಿನ ಮರಳಿನ ಗುಂಡಿಯಲ್ಲಿ ಬರಿಗಾಲಲ್ಲಿ ನಿಲ್ಲುತ್ತೇನೆ. ಬೆಳಗಿನ ಹೊತ್ತು ಮರಳು ತಣ್ಣಗಿದ್ದಾಗ ಅಂಗಾಲಿಗೆ ಒಂದು ನೆನಪು ಬರುತ್ತದೆ, ಮೂಗು ಉಪ್ಪಿನ ವಾಸನೆ ಹುಡುಕುತ್ತದೆ. ಸಿಗುವುದು ಗೋಡೆಯಾಚೆ ಹುರಿಯುತ್ತಿರುವ ಶೇಂಗಾದ ವಾಸನೆ. ಆಗ ಎದುರಿಗಿದ್ದ ಹುಡುಗಿಗೆ ಕಾರಣವಿಲ್ಲದೆ ಗದರಿಬಿಡುತ್ತೇನೆ.

ನನ್ನ ಮೊದಲ ನೌಕರಿ ಕರಾವಳಿಯಲ್ಲಿತ್ತು, ಸಮುದ್ರಕ್ಕೆ ಆತುಕೊಂಡ ಒಂದು ಸರ್ಕಾರಿ ಸಾಲೆ. ಆಗಿನ್ನೂ ಆ ದಂಡೆಯಲ್ಲಿ ಬೋರ್ಡು ಹಿಡಿದವರು ಬೆರಳೆಣಿಕೆಯಷ್ಟು. ಭಾನುವಾರ ರೂಮಿನಲ್ಲಿ ಒಬ್ಬಳೇ ಕೂತು ಬೇಸತ್ತು ಅವರ ಹಿಂದೆ ಹೋದೆ. ವರ್ಷಗಟ್ಟಲೆ ಬರೀ ಬಿದ್ದೆ. ಮೂಗಲ್ಲಿ, ಕಿವಿಯಲ್ಲಿ ಉಪ್ಪುನೀರು. ಮರುದಿನ ಬಗ್ಗಿ ಹಾಜರಿ ಪುಸ್ತಕ ಎತ್ತಿಕೊಂಡಾಗಲೂ ಮೂಗಿನಿಂದ ಸಮುದ್ರವೇ ಇಳಿಯುತ್ತಿತ್ತು. ಕಡೆಗೊಂದು ಭಾನುವಾರ ಎದ್ದು ನಿಂತೆ. ತೆರೆ ನನ್ನನ್ನು ನಿಂತಂತೆಯೇ ದಂಡೆಯ ತನಕ ಒಯ್ದು, ಮೆಲ್ಲಗೆ ಮರಳಿಗಿಳಿಸಿತು. ಅದೇ ವಾರ ವರ್ಗಾವಣೆಯ ಆದೇಶ ಬಂತು. ಮದುವೆಯಾಗಿತ್ತು, ಪತಿ-ಪತ್ನಿ ಒಂದೇ ಕಡೆ ಇರಲಿ ಅಂತ ಅರ್ಜಿ ಹಾಕಿದವಳು ನಾನೇ. ಇನ್ನು ಯಾರನ್ನು ಬೈಯಲಿ?

ಆ ಒಂದು ತೆರೆ ನನ್ನ ಮೈಯಿಂದ ಇಳಿಯಲೇ ಇಲ್ಲ. ಮಗಳು ಹುಟ್ಟಿ, ಬೆಳೆದು, ಧಾರವಾಡದ ಹಾಸ್ಟೆಲು ಸೇರಿದಳು. ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಕಟಕಟ ಅನ್ನತೊಡಗಿತು. ಅದು ಪೂರ್ತಿ ಕೈಕೊಡುವ ಮೊದಲು ಇನ್ನೊಂದೇ ಸಲ ತೆರೆಯ ಮೇಲೆ ನಿಲ್ಲಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ದಸರಾ ಸೂಟಿಗೆ ಹೋಗುವುದು, ಆ ದಂಡೆಯಲ್ಲಿ ಹಳೆಯ ಬೋರ್ಡುಗಳನ್ನು ಮಾರುತ್ತಾರಂತೆ, ಒಂದನ್ನು ನೋಡಿ ಕೊಂಡು ತರುವುದು ಅಂತ ನಿಶ್ಚಯಿಸಿದೆ. ಕೊಂಡ ವಸ್ತು ಮನೆಯಲ್ಲಿದ್ದರೆ ಅದರ ನೆವದಿಂದಲಾದರೂ ವರ್ಷಕ್ಕೊಮ್ಮೆ ಹೋಗಬಹುದಲ್ಲ.

ಈ ಸುದ್ದಿಯನ್ನು ಇರಕಲ್ಲಗಡದ ಸೋದರತ್ತೆಗೆ ಫೋನಿನಲ್ಲಿ ಹೇಳಿದೆ. ನೀರಿನ ವಿಷಯ ಏನಿದ್ದರೂ ನಾನು ಹೇಳುವುದು ಅವಳಿಗೇ. ಅಪ್ಪನ ಅಕ್ಕ ಆಕೆ, ನನಗೆ ಈಜು ಕಲಿಸಿದವಳು. ಬೇಸಿಗೆ ಸೂಟಿಗೆ ಕುಕನೂರಿನಿಂದ ಅವಳ ಊರಿಗೆ ಹೋದರೆ ನನ್ನ ವಾಸ ಮನೆಗೆ ಹತ್ತಿದ ಹೊಲದ ಬಾವಿಯಲ್ಲೇ. ಆಗ ಏಪ್ರಿಲ್‌ನಲ್ಲೂ ಅದರಲ್ಲಿ ಎರಡಾಳು ನೀರಿರುತ್ತಿತ್ತು. ಗಂಡಸರು ಉಂಡು ಗಿಡದ ನೆರಳಿಗೆ ಅಡ್ಡಾದ ಹೊತ್ತು ನೋಡಿ ಅತ್ತೆ ಸೀರೆ ಕಚ್ಚೆ ಹಾಕಿ ಮೇಲಿನ ಕಟ್ಟೆಯಿಂದಲೇ ಧುಮುಕುತ್ತಿದ್ದಳು. ಮನೆಯ ಸೊಸೆಯಾದವಳು ಹೀಗೆ ಬಾವಿಗೆ ಹಾರುತ್ತಾಳೆ ಅಂತ ಆಡಿಕೊಂಡವರಿದ್ದರು. “ಅವರಿಗೆ ಈಜ ಬರಂಗಿಲ್ಲ, ಹೊಟ್ಟಿಕಿಚ್ಚು,” ಅನ್ನುತ್ತಿದ್ದಳು.

ನನ್ನ ಬೆನ್ನಿಗೆ ಬೆಂಡು ಕಟ್ಟುತ್ತಿದ್ದವಳೂ ಅವಳೇ. ಕತ್ತಾಳೆ ಹೂ ಬಿಡುವಾಗ ನಡುವಿನಿಂದ ಆಳೆತ್ತರದ ಗಳ ಏಳುತ್ತದಲ್ಲ, ಅದನ್ನು ಒಣಗಿಸಿ ತುಂಡು ಮಾಡಿದರೆ ಅದೇ ಬೆಂಡು. ಎತ್ತಿದರೆ ಏನೂ ಭಾರವಿಲ್ಲ, ನೀರಲ್ಲಿ ಮುಳುಗೆಂದರೂ ಮುಳುಗದು. ಕಲಿತಂತೆಲ್ಲ ಅತ್ತೆ ಬೆಂಡಿನ ತುದಿ ಕೊಯ್ದು ಸಣ್ಣದು ಮಾಡುತ್ತಿದ್ದಳು. ಕಡೆಗೆ ಅಂಗೈಯಷ್ಟು ಉಳಿದಾಗ, ನನಗೆ ಗೊತ್ತಾಗದಂತೆ ಹಗ್ಗ ಬಿಚ್ಚಿಬಿಟ್ಟಳು. ಸಣ್ಣ ಬೆಂಡಿಗೆ ಬಂದವರು ತಿರುಗಿ ದೊಡ್ಡದನ್ನು ಕೇಳಿದರೆ ಬಾವಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಗುತ್ತಿದ್ದರು. ಆ ನಗುವಿಗೆ ಹೆದರಿ ನಾನು ಎರಡು ಸಲ ಮುಳುಗಿ ನೀರು ಕುಡಿದಿದ್ದೇನೆ, ದೊಡ್ಡ ಬೆಂಡು ಮಾತ್ರ ಕೇಳಲಿಲ್ಲ.

ಆದರೆ ಅತ್ತೆ ಹಾಗಲ್ಲ. ಬಾಣಂತನ ಮುಗಿಸಿ ಬಹಳ ದಿನದ ಮೇಲೆ ಬಾವಿಗೆ ಬಂದವಳು, ಅಷ್ಟು ದೊಡ್ಡ ಈಜುಗಾರ್ತಿ, ಎಲ್ಲರೆದುರು ಕೂಸುಗಳ ದೊಡ್ಡ ಬೆಂಡನ್ನೇ ಕಟ್ಟಿಕೊಂಡು ಇಳಿದದ್ದನ್ನು ಕಂಡಿದ್ದೇನೆ. ನಾವು ನಕ್ಕಾಗ ಹೇಳಿದ್ದಳು, “ನನಗ ನೀರು ನೆನಪೈತಿ ಖರೆ. ನೀರಿಗೆ ನಾ ನೆನಪಿರಬೇಕಲ್ಲ?”

ಆ ಬಾವಿ ಈಗಿಲ್ಲ. ಅತ್ತೆಯ ಮಗ ಬೋರು ಹಾಕಿಸಿದ ಮೇಲೆ ನೀರು ತಳ ಸೇರಿತು, ಯಾರಾದರೂ ಬಿದ್ದಾರೆಂದು ಕಲ್ಲು ಮಣ್ಣು ತುಂಬಿಸಿದರು. ಈಗ ಅದರ ಮೇಲೆ ಅವರ ಟ್ರ್ಯಾಕ್ಟರು ನಿಲ್ಲುತ್ತದೆ.

“ನಾನೂ ಬರ್ತೀನಿ,” ಅಂದಳು ಅತ್ತೆ ಫೋನಿನಲ್ಲಿ.

“ನೀ ಬಂದು ಏನ್ ಮಾಡ್ತಿ ಅತ್ತಿ?”

“ನೋಡ್ತೀನಿ. ನೋಡಾಕ ರೊಕ್ಕ ಕೊಡಬೇಕೇನು?”

ಎಪ್ಪತ್ತು ದಾಟಿದವಳು, ಒಮ್ಮೆಯೂ ಸಮುದ್ರ ಕಂಡವಳಲ್ಲ. ಮಗ, ಸೊಸೆ, ಮೊಮ್ಮಕ್ಕಳು ಒಬ್ಬರಾದ ಮೇಲೊಬ್ಬರು ಬೇಡ ಅಂದರು. ಯಾರ ಮಾತನ್ನೂ ಕೇಳದೆ ಕೊಪ್ಪಳದ ಬಸ್‌ಸ್ಟ್ಯಾಂಡಿಗೆ ನನಗಿಂತ ಮೊದಲು ಬಂದು, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಬೆಳಗ್ಗೆ ದಂಡೆಗೆ ಇಳಿದಾಗ ಅತ್ತೆ ನೆಟ್ಟಗೆ ನೀರಿನ ಅಂಚಿನ ತನಕ ನಡೆದಳು. ಆಮೇಲೆ ಬಗ್ಗಿ, ನೀರಲ್ಲಿ ಬೆರಳದ್ದಿ, ನಾಲಿಗೆಗೆ ಹಚ್ಚಿಕೊಂಡು, “ಉಪ್ಪು ಜಾಸ್ತಿ ಬಿದ್ದೈತಿ,” ಅಂದಳು. ಸೊಸೆ ಮಾಡಿದ ಸಾರಿಗೂ ಅವಳು ಹೇಳುವುದು ಇದನ್ನೇ.

ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಬೋರ್ಡು ಮಾರುವಲ್ಲಿಗೆ ನಡೆದೆ. ಬೋರ್ಡಿನ ಶೆಡ್ಡಿನಲ್ಲಿದ್ದವರನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಆಗ ನನ್ನ ಜೊತೆಗೇ ಬೀಳುತ್ತಿದ್ದವರಲ್ಲಿ ಒಬ್ಬರು, ಈಗ ಗಡ್ಡ ನೆರೆತಿದೆ. ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ ಕೇಳಿದರು, “ಮೊದಲು ಮಾಡಿದ್ದುಂಟಾ ಮೇಡಂ?”

ಇಷ್ಟು ವರ್ಷ ನಾನು ದಿನವೂ ಈ ದಂಡೆಗೆ ಬಂದು ಹೋಗಿದ್ದೆ, ಮನಸ್ಸಿನಲ್ಲಿ. ದಂಡೆಗೆ ಅದರ ಸುದ್ದಿಯೇ ಇರಲಿಲ್ಲ. ಕೋಪ ಬಂತು. “ಮಾಡೀನಿ,” ಅಂದವಳೇ ಗೋಡೆಗೆ ಒರಗಿಸಿದ್ದ ಬಿಳಿಯ ಫೈಬರ್ ಬೋರ್ಡಿಗೆ ಕೈ ಹಾಕಿದೆ. ಸಣಕಲು, ಚೂಪು ಮೂತಿ, ನನಗಿಂತ ಒಂದು ಗೇಣು ಎತ್ತರ. ಕಡೆಯ ದಿನ ನಾನು ನಿಂತದ್ದು ಇಂಥದ್ದರ ಮೇಲೆಯೇ.

“ಅದು ಬೇಡ ಮಾರಾಯ್ರೆ,” ಅಂದರು ಅವರು. “ಬಿಟ್ಟು ತುಂಬಾ ವರ್ಷ ಆದ ಹಾಗೆ ಉಂಟಲ್ವಾ? ಇದು ತಗೊಳ್ಳಿ.” ತೋರಿಸಿದ್ದು ನೀಲಿ ಬಣ್ಣದ ಫೋಮ್ ಬೋರ್ಡು. ಒಂಬತ್ತು ಅಡಿ ಉದ್ದ, ಮನೆಯ ಬಾಗಿಲಷ್ಟು ಅಗಲ, ಮೇಲೆಲ್ಲ ಮೆತ್ತಗೆ. ಉದ್ದ, ಅಗಲ, ದಪ್ಪ ಮೂರೂ ಇದ್ದರೆ ಬೇಗ ತೇಲುತ್ತದೆ, ಅಲುಗಾಡುವುದಿಲ್ಲ, ತಲೆಗೆ ಬಡಿದರೂ ಪೆಟ್ಟಾಗುವುದಿಲ್ಲ ಅಂತ ವಿವರಿಸಿದರು. ನನಗೆ ಗೊತ್ತಿರದ ಮಾತೇನಲ್ಲ, ಮೊಬೈಲಿನಲ್ಲಿ ನೂರು ಸಲ ಓದಿದ್ದೆ. ಆದರೆ ಅದೇ ಬಣ್ಣದ ಬೋರ್ಡು ಹಿಡಿದು ಪ್ರಾಥಮಿಕ ಸಾಲೆಯ ವಯಸ್ಸಿನ ಮಕ್ಕಳು ನೀರಿಗೆ ಓಡುತ್ತಿದ್ದರು. ನನ್ನ ಕಿವಿಯಲ್ಲಿ ಬಾವಿಯ ಚಪ್ಪಾಳೆ ಕೇಳಿಸಿತು.

ಬಿಳಿಯದನ್ನೇ ಹೊತ್ತು ಹೋದೆ. ಅದು ನನ್ನನ್ನು ಮಲಗಲೂ ಬಿಡಲಿಲ್ಲ. ಎದೆ ಊರುವಷ್ಟರಲ್ಲಿ ಎಡಕ್ಕೆ ಹೊರಳಿತು, ಸರಿಮಾಡಿಕೊಂಡರೆ ಬಲಕ್ಕೆ. ತೆರೆ ಬಂದಾಗ ಮೂತಿ ನೀರಿಗೆ ಹೂತು ನನ್ನನ್ನು ತಲೆಕೆಳಗು ಮಾಡಿತು. ಕಾಲು ಜಾರದಂತೆ ಬೋರ್ಡಿಗೆ ಹಚ್ಚಿದ ಮೇಣ ಸರಿಯಿಲ್ಲ ಅಂದೆ, ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಗಿಡ್ಡ ಅಂದೆ, ಇವತ್ತಿನ ತೆರೆಗಳೇ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಕ್ಕಳು ಇಂಥ ನೆವ ಹೇಳಿದರೆ ಮೈದಾನ ಮೂರು ಸುತ್ತು ಓಡಿಸುವವಳು ನಾನು. ಕಡೆಗೆ ಹಣೆಗೊಂದು ಬುಗುಟೆ ಎದ್ದಾಗ, ಅಳು ಬಂದದ್ದು ಯಾರಿಗೂ ಕಾಣದಿರಲಿ ಅಂತ ಇನ್ನೊಮ್ಮೆ ಮುಳುಗಿ ಎದ್ದು, ಹೊರಗೆ ಬಂದೆ. ನೋವು ಹಣೆಯದಲ್ಲ. ಇಷ್ಟು ವರ್ಷ ಕಾದದ್ದು ಇದಕ್ಕೇನಾ ಅನ್ನಿಸಿತ್ತು.

ಅತ್ತೆ ಶೆಡ್ಡಿನ ನೆರಳಲ್ಲಿ ಆ ನೀಲಿ ಬೋರ್ಡಿನ ಮೇಲೆ ಕೂತಿದ್ದಳು. ಚಪ್ಪಲಿ ಬಿಟ್ಟಿದ್ದಳು, ಸೀರೆಯ ಸೆರಗು ಸೊಂಟಕ್ಕೆ ಬಿಗಿದಿದ್ದಳು. ನನ್ನ ಬುಗುಟೆಯನ್ನು ನೋಡಿದಳು. ಶೆಡ್ಡಿನವರ ಕಡೆ ತಿರುಗಿ, ಬೋರ್ಡನ್ನು ಅಂಗೈಯಿಂದ ತಟ್ಟುತ್ತ ಕೇಳಿದಳು, “ಇದು ನನ್ನ ತಡೀತೈತೇನ್ರಿ?”

“ನಿಮ್ಮಿಬ್ಬರನ್ನೂ ತಡೀತದೆ ಅಜ್ಜಿ.”

“ಅತ್ತಿ, ನೀ ನೋಡಾಕ ಬಂದಾಕಿ,” ಅಂದೆ ನಾನು.

ಅವಳು ಸಮುದ್ರದ ಕಡೆ ಮುಖ ಮಾಡಿಯೇ ಹೇಳಿದಳು, “ಬಾವಿ ಮುಚ್ಚಿದ ಮ್ಯಾಲ ಬರೇ ತಂಬಿಗಿಲೆ ನೀರು ಹಾಕ್ಕೊಂಡೀನಿ ಯವ್ವಾ. ಮೈ ತೊಯ್ದೈತಿ. ಒಂದ ದಿನಾನೂ ತೇಲಿಲ್ಲ.”

ನನ್ನದು ಮೊಬೈಲಿನಲ್ಲಿ ಹುಡುಕಬಹುದಾದ ಆಸೆ, ಗಂಡನ ತಲೆ ತಿನ್ನಬಹುದಾದ ಆಸೆ. ಇವಳು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಮುಚ್ಚಿದ ಬಾವಿಯ ಮೇಲೆ ನಿಂತ ಟ್ರ್ಯಾಕ್ಟರನ್ನು ದಿನವೂ ನೋಡುತ್ತ ರೊಟ್ಟಿ ಬಡಿದಿದ್ದಾಳೆ. ಬಿಳಿಯ ಬೋರ್ಡನ್ನು ಗೋಡೆಗೆ ಒರಗಿಸಿದೆ. ನೀಲಿಯದರ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಶೆಡ್ಡಿನವರು ಹಿಡಿಯಲು ಬಂದರೆ ಅತ್ತೆ ಬಿಡಲಿಲ್ಲ, ತಾನೇ ಹಿಡಿದಳು. ಹಗುರ ಅನ್ನಿಸಿ ಖುಷಿಯಾಯಿತು ಅಂತ ಕಾಣುತ್ತದೆ. “ಬೆಂಡ ಇದು,” ಅಂದಳು. ತೇಲುವ ಜಾಕೀಟು ಹಾಕದೆ ನೀರಿಗೆ ಬಿಡುವುದಿಲ್ಲ ಅಂತ ಶೆಡ್ಡಿನವರು ಹಟ ಹಿಡಿದರು. ಅದನ್ನು ಸೀರೆಯ ಮೇಲೆಯೇ ಹಾಕಿಸಿಕೊಂಡು, ಕಚ್ಚೆ ಕಟ್ಟಿ ಇಳಿದಳು.

ಮೊಣಕಾಲುದ್ದ, ತೊಡೆಯುದ್ದ, ಸೊಂಟದುದ್ದ. ಅಲ್ಲಿಗೆ ಸಾಕು ಅಂದೆ. ಅವಳನ್ನು ಬೋರಲು ಮಲಗಿಸಿ, ಬೋರ್ಡಿನ ಹಿಂಭಾಗ ಎರಡೂ ಕೈಯಲ್ಲಿ ಹಿಡಿದು ನಿಂತೆ. ಶೆಡ್ಡಿನವರು ದಂಡೆಯ ಹತ್ತಿರ ಕಾಯುತ್ತಿದ್ದರು. ಮುರಿದು ನೊರೆಯಾದ ಸಣ್ಣ ತೆರೆಯೊಂದು ಬಂತು. ನನ್ನ ಕೈ ಬಿಡಲಿಲ್ಲ. ಇನ್ನೊಂದು ಬಂತು. ಬಿಡಬೇಕು ಅಂತ ಗೊತ್ತು, ಬೆರಳು ಬಿಚ್ಚಲಿಲ್ಲ. ಅವಳ ಎಲುಬು, ಅವಳ ವಯಸ್ಸು, ಊರಲ್ಲಿರುವ ಅವಳ ಮಗನ ಮುಖ, ಎಲ್ಲ ಕಣ್ಣೆದುರು ಬಂದವು.

“ಬಿಡಽ,” ಅಂದಳು ಅತ್ತೆ.

“ತಡಿ ಅತ್ತಿ.”

“ನಾ ನಿನ್ನ ಬಿಟ್ಟಿದ್ದಿಲ್ಲೇನು? ಬಿಡಽ ಹುಡುಗಿ!”

ಮುಂದಿನ ತೆರೆಗೆ ಬಿಟ್ಟೆ.

ನೊರೆ ಅವಳನ್ನು ಎತ್ತಿಕೊಂಡು ಹೋಯಿತು. ಹಿಂದಿನಿಂದ ಕಂಡದ್ದು ಕಿತ್ತಳೆ ಜಾಕೀಟು, ಬಿಚ್ಚಿದ ಬಿಳಿ ತುರುಬು, ಎರಡು ಅಂಗಾಲು. ದಂಡೆಯ ತನಕ ಹೋದಳು. ಮರಳಿಗೆ ಬೋರ್ಡು ತಾಕಿ ನಿಂತ ಮೇಲೂ ಏಳಲಿಲ್ಲ. ಶೆಡ್ಡಿನವರು ಓಡಿದರು, ನಾನೂ ನೀರು ತಳ್ಳಿಕೊಂಡು ಓಡಿದೆ. ಹೋಗಿ ನೋಡಿದರೆ ಕೆನ್ನೆಯನ್ನು ಬೋರ್ಡಿಗೆ ಹಚ್ಚಿ ಮಲಗಿ ನಗುತ್ತಿದ್ದಳು, ಬಾಯಿ ತುಂಬ ಮರಳು. ನನ್ನನ್ನು ಕಂಡು ಎದ್ದು, ಬೋರ್ಡಿನ ಮೂತಿಯನ್ನು ತಾನೇ ಸಮುದ್ರದ ಕಡೆ ತಿರುಗಿಸಿದಳು.

ಆಮೇಲೆ ನಾನೂ ನೀಲಿಯದರ ಮೇಲೆ ಹೋದೆ. ಅದು ನನ್ನನ್ನು ಬೀಳಿಸಲಿಲ್ಲ, ಕೂಸನ್ನು ಹೊತ್ತಂತೆ ಹೊತ್ತಿತು. ಒಂದು ಸಲ ಮೊಣಕಾಲೂರಿ ದಂಡೆಯ ತನಕ ಬಂದೆ. ನಿಲ್ಲಲು ಆಗಲಿಲ್ಲ. ಅತ್ತೆ ಮರಳಲ್ಲಿ ಕೂತು ರೊಟ್ಟಿ ಮುರಿಯುತ್ತ, “ಅರ್ಧ ಎದ್ದಿ,” ಅಂದಳು. ಆ ನೀಲಿ ಬೋರ್ಡನ್ನೇ ಕೊಂಡೆವು.

ಬಸ್ಸಿನ ಮೇಲೆ ಹಗ್ಗ ಬಿಗಿದು ತಂದದ್ದು ಈಗ ಇರಕಲ್ಲಗಡದಲ್ಲಿದೆ, ಯಲಬುರ್ಗಾದಲ್ಲಿ ಅಲ್ಲ. ನಮ್ಮ ಮನೆ ಸಣ್ಣದು ಅನ್ನುವುದು ನಾನು ಗಂಡನಿಗೆ ಹೇಳಿದ ಕಾರಣ. ನಿಜವೆಂದರೆ ಅತ್ತೆ ಕೊಡಲಿಲ್ಲ. ಜೋಳದ ಚೀಲಗಳ ಕೋಣೆಯಲ್ಲಿ ಗೋಡೆಗೆ ನಿಲ್ಲಿಸಿದ್ದಾಳೆ. ಸೊಸೆ ಅದರ ಮೇಲೆ ಸಂಡಿಗೆ ಒಣಹಾಕಲು ಕೇಳಿ ಬೈಸಿಕೊಂಡಳಂತೆ. ನೋಡಲು ಬಂದವರಿಗೆ ದೂರದಿಂದ ತೋರಿಸುತ್ತಾಳೆ, ಮುಟ್ಟಗೊಡುವುದಿಲ್ಲ.

ನನಗೆ ಈಗಲೂ ಬೆಳಗಿನ ಮರಳಿನ ಗುಂಡಿಯಲ್ಲಿ ಅಂಗಾಲು ಸಮುದ್ರವನ್ನು ನೆನಪು ಮಾಡುತ್ತದೆ. ಮೊದಲಿಗಿಂತ ಹೆಚ್ಚೇ ಅನ್ನಬೇಕು. ಮೊನ್ನೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದಾಗ ಅತ್ತೆಯ ಫೋನು ಬಂತು.

“ಸೂಟಿ ಯಾವಾಗ?”

“ಏಪ್ರಿಲ್‌ಗೆ ಅತ್ತಿ. ಇನ್ನೂ ಭಾಳ ದಿನ ಐತಿ.”

ಅವಳ ಕಡೆ ಟ್ರ್ಯಾಕ್ಟರು ಶುರುವಾದ ಸದ್ದು ಕೇಳಿಸಿತು.

“ಅಲ್ಲೀಮಟಾ ಜೀವ ಹಿಡ್ಕೊಂಡು ಇರ್ತೀನಿ ಬಿಡು,” ಅಂದಳು. “ನನ್ನ ಬೆಂಡು ಇಲ್ಲೇ ಐತಲ್ಲ, ಅದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”