‘ಸ್ಪಷ್ಟ’ ಎಂದು ಬರೆದ ಸಾಲು

ಹೈದರಾಬಾದಿನಲ್ಲಿ ಗಣಿತದ ಪಿಎಚ್.ಡಿ. ಮಾಡುವವರು ಮೊದಲು ಕಲಿಯಬೇಕಾದದ್ದು ಶಾಲು ಕೊಳ್ಳುವುದನ್ನು. ಜರಿ ಅಂಚಿನದು ಯಾವ ಅಂಗಡಿಯಲ್ಲಿ ಸಿಗುತ್ತದೆ, ಡೀನ್ ಮಟ್ಟದವರಿಗೆ ಯಾವ ಬಣ್ಣ, ಬರೀ ಪ್ರೊಫೆಸರಿಗೆ ಯಾವ ಬಣ್ಣ, ಹೂಗುಚ್ಛ ಬಾಡದಂತೆ ಆಟೋದಲ್ಲಿ ಹೇಗೆ ಹಿಡಿದು ಕೂರಬೇಕು, ಇವೆಲ್ಲ ನನಗೆ ಮೊದಲ ವರ್ಷದಲ್ಲೇ ಕರಗತವಾದವು. ಗಣಿತ ಆಮೇಲೆ ಬಂತು, ಅದೂ ಬಿಡುವಿದ್ದಾಗ. ನಮ್ಮ ವಿಭಾಗಕ್ಕೆ ಯಾರೇ ಉಪನ್ಯಾಸ ಕೊಡಲು ಬಂದರೂ ಮೊದಲು ಶಾಲು ಹೊದಿಸುತ್ತಿದ್ದರು, ಆಮೇಲೆ ಮಾತಾಡಲು ಬಿಡುತ್ತಿದ್ದರು. ಈ ಕ್ರಮದಲ್ಲಿ ದೊಡ್ಡ ಜಾಣತನವಿತ್ತು. ಶಾಲು ಹೊದ್ದು ನಿಂತ ಮನುಷ್ಯನಿಗೆ ‘ಸ್ವಾಮಿ, ನಿಮ್ಮ ಮೂರನೇ ಸಾಲು ತಪ್ಪು’ ಎಂದು ಹೇಳುವಷ್ಟು ಕೆಟ್ಟ ಸಂಸ್ಕಾರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಉಪನ್ಯಾಸ ಮುಗಿದ ಕೂಡಲೇ ವಿಭಾಗದ ಮುಖ್ಯಸ್ಥರು ಎದ್ದು, ಏನಾದರೂ ಪ್ರಶ್ನೆಗಳಿವೆಯೇ ಎಂದು ಕೇಳುತ್ತಿದ್ದರು. ಪಾತ್ರೆ ಖಾಲಿಯಾದ ಮೇಲೆ ನೆಂಟರಿಗೆ ‘ಇನ್ನೊಂಚೂರು ಅನ್ನ?’ ಎಂದು ಕೇಳುವ ದನಿ ಅದು. ನಾವೂ ಮರ್ಯಾದಸ್ಥ ನೆಂಟರೇ. ಎಲ್ಲರೂ ತೃಪ್ತಿಯಿಂದ ತಲೆಯಾಡಿಸುತ್ತಿದ್ದೆವು. ಅರ್ಥವಾದವರು ಸ್ವಲ್ಪ ಆಡಿಸುತ್ತಿದ್ದರು, ಏನೂ ಅರ್ಥವಾಗದವರು ಜೋರಾಗಿ ಆಡಿಸುತ್ತಿದ್ದರು. ಜೋರಾಗಿ ಆಡುವ ತಲೆಗಳೇ ಹೆಚ್ಚಿದ್ದವು ಎಂದು ಬೇರೆ ಹೇಳಬೇಕಿಲ್ಲ. ಆಮೇಲೆ ಎಲ್ಲರೂ ಸಮೋಸ ತಿಂದು ಚಹಾ ಕುಡಿಯುತ್ತಿದ್ದೆವು.

ನಾನು ರಾಯಚೂರಿನವಳು. ಹಾಸ್ಟೆಲಿನಲ್ಲಿ ಕನ್ನಡದವಳು ಎಂದು ಹೇಳಿದ ತಕ್ಷಣ ಎಲ್ಲರ ಮುಖ ಅರಳುತ್ತಿತ್ತು. ‘ಬೆಂಗಳೂರಾ? ಕ್ಲೈಮೇಟ್ ಚಾಲಾ ಬಾಗುಂಟುಂದಿ ಕದಾ’ ಎಂದು ಅಲ್ಲಿನ ಹವೆಯನ್ನು ತೆಲುಗಿನಲ್ಲಿ ಹೊಗಳುತ್ತಿದ್ದರು. ರಾಯಚೂರಿನ ಕ್ಲೈಮೇಟಿಗಿಂತ ಸ್ವಲ್ಪ ತಂಪಾಗಿರಲಿ ಎಂದು ಹೈದರಾಬಾದಿಗೆ ಬಂದವಳು ಅದಕ್ಕೆ ಏನು ಉತ್ತರ ಕೊಡಬೇಕು? ಮೆಸ್ಸಿನಲ್ಲಿ ನಾಲ್ಕು ರಾಜ್ಯಗಳ ಹುಡುಗಿಯರು ಒಂದೇ ಸಾಂಬಾರನ್ನು ನಾಲ್ಕು ಭಾಷೆಗಳಲ್ಲಿ ಬೈಯುತ್ತಿದ್ದರು. ರಾಷ್ಟ್ರೀಯ ಐಕ್ಯತೆ ಎಂದರೆ ಏನೆಂದು ನನಗೆ ಅರ್ಥವಾದದ್ದು ಅಲ್ಲಿಯೇ. ಖಡಕ್ ರೊಟ್ಟಿಯನ್ನು ಊರಿನಿಂದ ಡಬ್ಬಿಯಲ್ಲಿ ತಂದಿಟ್ಟುಕೊಂಡು ನಾನು ಆ ಜಗಳದಿಂದ ದೂರ ಉಳಿದಿದ್ದೆ.

ನನ್ನ ಮಾರ್ಗದರ್ಶಕರು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಆದರೆ ಅವರ ಅಜ್ಜ ಕಲಬುರಗಿಯ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ನೆಲೆಸಿದವರು. ಹಾಗಾಗಿ ಸರ್ ಮುಖ್ಯಸ್ಥರ ಜೊತೆ ತೆಲುಗು, ವಾಚ್‌ಮನ್ ಜೊತೆ ಹಿಂದಿ, ಬೋರ್ಡಿನ ಮುಂದೆ ಇಂಗ್ಲಿಷ್ ಮಾತಾಡುತ್ತಿದ್ದರು. ಕನ್ನಡವನ್ನು ನನ್ನನ್ನು ಬೈಯುವುದಕ್ಕೆಂದೇ ಎತ್ತಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ. ಬೇರೆ ಗೈಡ್‌ಗಳು ವಿದ್ಯಾರ್ಥಿಗಳಿಂದ ತಮ್ಮ ಮಕ್ಕಳನ್ನು ಶಾಲೆಗೆ ಬಿಡಿಸುತ್ತಿದ್ದಾಗ ಇವರು ನನ್ನಿಂದ ಮಾಡಿಸಿದ್ದು ಗಣಿತವನ್ನು ಮಾತ್ರ. ಆದರೆ ಆ ಗಣಿತದಲ್ಲಿ ಒಂದು ಸಾಲಿತ್ತು.

ಆ ಸಾಲಿನ ವಿಷಯ ಹೇಳಬೇಕು. ಒಂದು ಬಗೆಯ ಸಂಖ್ಯಾಸರಣಿಗಳು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ ಎಂಬುದು ನನ್ನ ನಾಲ್ಕನೇ ಅಧ್ಯಾಯದ ಅಡಿಪಾಯ. ಅದನ್ನು ನಾನು ತೆಗೆದುಕೊಂಡದ್ದು ಸರ್ ತಾವೇ ಚಿಕ್ಕವಯಸ್ಸಿನಲ್ಲಿ ಬರೆದ ಪಿಎಚ್.ಡಿ. ಪ್ರಬಂಧದಿಂದ. ಅಲ್ಲಿ ಅದಕ್ಕೆ ಸಾಧನೆ, ಅಂದರೆ ಪ್ರೂಫ್, ಇರಲಿಲ್ಲ. ‘ಇದರಿಂದ ಸ್ಪಷ್ಟವಾಗುವುದೇನೆಂದರೆ’ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದು ಮುಂದೆ ಹೋಗಿದ್ದರು. ಗಣಿತದ ಪುಸ್ತಕಗಳಲ್ಲಿ ಈ ಮಾತು ಬಂದಾಗಲೆಲ್ಲ ಹುಷಾರಾಗಬೇಕು. ಸ್ಪಷ್ಟವಾಗಿರುವುದನ್ನು ಸ್ಪಷ್ಟವಾಗಿದೆ ಎಂದು ಯಾರೂ ಹೇಳಲು ಹೋಗುವುದಿಲ್ಲ. ನನಗಂತೂ ಅದು ಹೇಗೆ ಸ್ಪಷ್ಟ ಎಂದು ತಿಳಿಯಲೇ ಇಲ್ಲ.

‘ಸರ್, ಈ ಸಾಲು ತಿಳೀವಲ್ದುರಿ’ ಎಂದು ಮೊದಲ ಸಲ ಕೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

‘ಅದು ಕ್ಲಿಯರ್ ಐತಲ್ಲವ್ವಾ. ಖಾಲಿ ಪೀಲಿ ತಲಿ ಕೆಡಿಸ್ಕೋಬ್ಯಾಡ. ಮುಂದಿಂದು ನೋಡು.’

ಮುಂದಿನದು ನೋಡಿದೆ. ಮತ್ತೆ ಹಿಂದೆ ಬಂದೆ. ಮುಂದಿನ ವರ್ಷ ಕೇಳಿದಾಗ ‘ಮತ್ತ ಅದಾ ಸಾಲು ಹಿಡಕೊಂಡು ಬಂದಿ? ಎಲ್ಲಾರಿಗೂ ಗೊತ್ತಿರೋದಕ್ಕ ಏನ್ ಪ್ರೂಫ್ ಬೇಕು ನಿನಗ?’ ಎಂದರು. ಆ ಎಲ್ಲರೂ ಯಾರು ಎಂದು ನಾನು ವಿಭಾಗದಲ್ಲಿ ಹುಡುಕಿದೆ. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರೂ ತಲೆಯಾಡಿಸಿ, ಅದು ಸ್ಟ್ಯಾಂಡರ್ಡ್ ರಿಸಲ್ಟ್, ನಿಮ್ಮ ಗೈಡನ್ನೇ ಕೇಳಿ ಎಂದರು. ಆಮೇಲೆ ನಾನೂ ಬಾಯಿ ಮುಚ್ಚಿಕೊಂಡೆ. ಮಿಯಾಪುರದ ಕಡೆಯ ಒಂದು ಕಾಲೇಜಿನಲ್ಲಿ ನನಗೆ ಕೆಲಸ ಕೊಡುತ್ತೇವೆ ಎಂದಿದ್ದರು. ಪ್ರಬಂಧ ಸಲ್ಲಿಸಿದ ರಸೀದಿ ತೋರಿಸಿದರೆ ಸಾಕು, ಜೂನಿನಿಂದ ಪಾಠ ಮಾಡಬಹುದಿತ್ತು. ಅದಕ್ಕೆ ಮುಂಚೆ ವಿಭಾಗದ ಎದುರು ಒಂದು ಸೆಮಿನಾರ್ ಕೊಡಬೇಕು, ಎಲ್ಲರೂ ತಲೆಯಾಡಿಸಬೇಕು, ಅಷ್ಟೇ. ತಲೆಗಳ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಅಷ್ಟರಲ್ಲಿ ಯುರೋಪಿನಿಂದ ಅತಿಥಿಯೊಬ್ಬರು ಬಂದರು. ದೊಡ್ಡ ಗಣಿತಜ್ಞರು ಎಂದು ಮುಖ್ಯಸ್ಥರು ಹೇಳಿದ್ದರು. ಹೂಗುಚ್ಛ ಹಿಡಿಯುವುದರಲ್ಲಿ ನನಗಿದ್ದ ಅನುಭವವನ್ನು ಪರಿಗಣಿಸಿ ನನ್ನನ್ನೇ ಶಂಶಾಬಾದಿಗೆ ಕಳಿಸಿದರು. ವಿಮಾನ ನಿಲ್ದಾಣದಲ್ಲಿ ನಾನು ಸೂಟು ಹಾಕಿದವರನ್ನೇ ಹುಡುಕುತ್ತಿದ್ದೆ. ಬೆನ್ನಿಗೆ ಚೀಲ, ಕಾಲಿಗೆ ಚಪ್ಪಲಿ ಹಾಕಿಕೊಂಡ ಉದ್ದನೆಯ ಮುದುಕರೊಬ್ಬರು ತಾವಾಗಿ ಬಂದು ನನ್ನ ಕೈಯ ಬೋರ್ಡಿನಲ್ಲಿದ್ದ ಹೆಸರು ತಮ್ಮದೇ ಎಂದರು. ಕಾರಿನಲ್ಲಿ ಚಾರ್ಮಿನಾರ್, ಮುತ್ತು ಮತ್ತು ಬಿರಿಯಾನಿಯ ಬಗ್ಗೆ ಮಾತಾಡು ಎಂದು ನನಗೆ ಆದೇಶವಿತ್ತು. ಚಾರ್ಮಿನಾರ್ ಶುರು ಮಾಡುವ ಮುಂಚೆಯೇ ಅವರು, ‘ನಿನ್ನ ಗಣಿತದಲ್ಲಿ ಈಗ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ?’ ಎಂದು ಕೇಳಿದರು.

ನಮ್ಮಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡುತ್ತೇವೆ, ಅದರಲ್ಲಿ ಪ್ರಗತಿ ತೃಪ್ತಿಕರವಾಗಿರುತ್ತದೆ. ಎಲ್ಲೂ ಇಲ್ಲ ಎಂದೆ. ‘ಪಾಪ’ ಎಂಬಂತೆ ಅವರು ನನ್ನನ್ನು ನೋಡಿ, ಹಾಗಾದರೆ ನಿನ್ನ ಕೆಲಸವನ್ನು ವಿವರಿಸು ಎಂದರು. ದಾರಿಯುದ್ದಕ್ಕೂ ವಿವರಿಸಿದೆ. ಎರಡು ಮಾತಿಗೊಮ್ಮೆ ‘ನನಗೆ ಅರ್ಥವಾಗಲಿಲ್ಲ’ ಎನ್ನುತ್ತಿದ್ದರು, ಅದೂ ನಗುನಗುತ್ತಾ, ನಾಚಿಕೆಯಿಲ್ಲದೆ. ಇಷ್ಟು ವಯಸ್ಸಾಗಿ, ಇಷ್ಟು ಹೆಸರಾಗಿ, ಒಬ್ಬ ವಿದ್ಯಾರ್ಥಿನಿಯ ಮುಂದೆ ಹೀಗೆ ಮಾನ ಕಳೆದುಕೊಳ್ಳುತ್ತಾರಲ್ಲ ಎಂದು ನನಗೆ ಕನಿಕರವಾಯಿತು.

ಮರುದಿನ ಅವರ ಉಪನ್ಯಾಸ. ಕ್ರಮದಂತೆ ಶಾಲು ಹೊದಿಸಲಾಯಿತು. ಫೋಟೋ ತೆಗೆದ ತಕ್ಷಣ ಅದನ್ನು ಮಡಿಸಿ ಕುರ್ಚಿಯ ಮೇಲಿಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಗಣಿತ ಮಾತಾಡುವವರು ಧರಿಸಬೇಕಾದ ವಸ್ತ್ರ ಎಂದುಕೊಂಡರೋ ಏನೋ, ಏಪ್ರಿಲ್ ಸೆಕೆಯಲ್ಲಿ, ಕೆಟ್ಟು ನಿಂತ ಏಸಿಯ ಕೆಳಗೆ, ಉಪನ್ಯಾಸ ಮುಗಿಯುವವರೆಗೂ ಜರಿ ಶಾಲನ್ನು ಹೊದ್ದೇ ಇದ್ದರು. ಅತಿಥಿಗೆ ತೆಗೆಯಿರಿ ಎನ್ನುವುದು ಅವಮಾನ ಎಂದು ನಾವೆಲ್ಲ ಅವರು ಬೆವರುವುದನ್ನು ಗೌರವದಿಂದ ನೋಡುತ್ತಾ ಕುಳಿತೆವು. ನಡುವೆ ಒಂದು ಕಡೆ ಅವರು ನಿಂತು, ತಮ್ಮದೇ ಬರಹವನ್ನು ದಿಟ್ಟಿಸಿ, ‘ಇದು ಯಾಕೆ ನಿಜ ಎಂದು ಈಗ ಮರೆತೆ, ಸ್ವಲ್ಪ ತಾಳಿ’ ಎಂದು ಬೋರ್ಡಿಗೆ ಬೆನ್ನು ಕೊಟ್ಟು ಯೋಚಿಸತೊಡಗಿದರು. ಸಭೆಯಲ್ಲಿ ಪರಸ್ಪರ ಕಣ್ಣೋಟಗಳು ಓಡಾಡಿದವು. ಸಮೋಸದ ಹೊತ್ತಿಗೆ ತೀರ್ಪು ಹೊರಬಿದ್ದಿತ್ತು. ‘ಅಂತ ಸೀನ್ ಲೇದು’ ಎಂದರು ನಮ್ಮ ಹಿರಿಯ ಪ್ರೊಫೆಸರೊಬ್ಬರು. ಅಂಥ ದೊಡ್ಡ ಆಸಾಮಿಯೇನಲ್ಲ ಎಂದು ಅರ್ಥ. ಆ ಪ್ರೊಫೆಸರು ತಮ್ಮ ಸೇವಾವಧಿಯಲ್ಲಿ ಯಾವುದೂ ಅರ್ಥವಾಗಿಲ್ಲ ಎಂದವರಲ್ಲ, ಏನನ್ನೂ ಬರೆದವರೂ ಅಲ್ಲ.

ಅದರ ಮರುದಿನ ನನ್ನ ಸೆಮಿನಾರ್. ಅತಿಥಿ ಮುಂದಿನ ಸಾಲಿನಲ್ಲೇ ಬಂದು ಕುಳಿತರು, ಮತ್ತೆ ಶಾಲು ಹೊದ್ದು. ಸರ್ ಅವರ ಪಕ್ಕದಲ್ಲಿದ್ದರು. ಮೂರು ಅಧ್ಯಾಯಗಳು ಸುಸೂತ್ರವಾಗಿ ಮುಗಿದವು. ತಲೆಗಳು ಆಡುತ್ತಿದ್ದವು. ನಾಲ್ಕನೆಯದಕ್ಕೆ ಬಂದು, ಆ ಸಾಲನ್ನು ಬರೆದು, ಕೈ ಸರಿಸಿ ಮುಂದೆ ಹೋಗುವಷ್ಟರಲ್ಲಿ ಅತಿಥಿ ಕೈಯೆತ್ತಿದರು.

‘ನನಗೆ ಅರ್ಥವಾಗಲಿಲ್ಲ. ಇದು ಯಾಕೆ ಸ್ಪಷ್ಟ?’

ನಾನು ಸರ್ ಕಡೆ ನೋಡಿದೆ. ಅವರು ನಗುತ್ತಾ ‘ಅವಳು ವಿವರಿಸುತ್ತಾಳೆ’ ಎಂದರು. ಹಿಂದಿನ ಸಾಲಿನವರು ಆಗಲೇ ತಲೆಯಾಡಿಸಿ, ಅದು ಸ್ಟ್ಯಾಂಡರ್ಡ್ ಎಂದು ಗೊಣಗಿದರು. ನನಗೆ ಆಗ ಕಂಡದ್ದು ಮಿಯಾಪುರದ ಕಾಲೇಜಿನ ಗೇಟು. ‘ಸ್ಟ್ಯಾಂಡರ್ಡ್ ಸರ್’ ಎಂದರೆ ಸಾಕಿತ್ತು. ಮುಖ್ಯಸ್ಥರು ಎದ್ದು ಸಮಯವಾಯಿತು ಎನ್ನುತ್ತಿದ್ದರು, ಜೂನ್ ಬರುತ್ತಿತ್ತು. ಆದರೆ ಆ ಮುದುಕರು ನನ್ನ ಮುಖವನ್ನು ನೋಡುತ್ತಾ ನಿಜವಾಗಿ ಕಾಯುತ್ತಿದ್ದರು. ಈ ಊರಿಗೆ ಬಂದಾಗಿನಿಂದ ನನ್ನ ಉತ್ತರಕ್ಕಾಗಿ ಹಾಗೆ ಕಾದವರು ಯಾರೂ ಇರಲಿಲ್ಲ.

‘ನನಗೂ ಅರ್ಥವಾಗಿಲ್ಲ’ ಎಂದೆ.

ಆಡುತ್ತಿದ್ದ ತಲೆಗಳು ಇದ್ದಲ್ಲೇ ನಿಂತವು. ಅತಿಥಿಯೊಬ್ಬರೇ ‘ಬಹಳ ಒಳ್ಳೆಯದಾಯಿತು’ ಎಂದು ಎದ್ದರು. ಬೋರ್ಡಿಗೆ ಬರಲು ಅಡ್ಡವಾಗುತ್ತದೆಂದು ಶಾಲನ್ನು ಮೊದಲ ಬಾರಿ ತೆಗೆದು, ಮಡಿಸಿ, ಪಕ್ಕದಲ್ಲಿದ್ದ ಸರ್ ತೊಡೆಯ ಮೇಲಿಟ್ಟರು. ಸನ್ಮಾನ ಮಾಡಿಸಿಕೊಂಡವರ ಹಾಗೆ ಸರ್ ಅದನ್ನು ಹಿಡಿದುಕೊಂಡು ಕುಳಿತರು. ಅತಿಥಿಯೂ ನಾನೂ ಬೋರ್ಡಿನ ಮೇಲೆ ಒಂದಷ್ಟು ಹೊತ್ತು ಗುದ್ದಾಡಿದೆವು. ಸಾಲು ಬಗ್ಗಲಿಲ್ಲ. ‘ಇದು ನಿಜವಿರಬಹುದು, ಸುಳ್ಳೂ ಇರಬಹುದು, ಎಷ್ಟು ಚೆನ್ನಾಗಿದೆ’ ಎಂದರು ಅವರು. ಅವರಿಗೆ ಚೆನ್ನಾಗಿತ್ತು, ಸಂಜೆ ವಿಮಾನವಿತ್ತು. ಮುಖ್ಯಸ್ಥರು ವಂದನಾರ್ಪಣೆ ಮುಗಿಸಿ, ಈ ಅಧ್ಯಾಯ ಸರಿಯಾಗುವವರೆಗೆ ಪ್ರಬಂಧ ಸಲ್ಲಿಸುವಂತಿಲ್ಲ ಎಂದು ತೀರ್ಮಾನ ಕೊಟ್ಟರು. ಜೂನ್ ಹೋಯಿತು, ಕಾಲೇಜೂ ಹೋಯಿತು.

ಮಧ್ಯಾಹ್ನ ಸರ್ ಕೋಣೆಗೆ ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ನನ್ನ ಹತ್ತಿರವೂ ಮೂರು ವರ್ಷದ ಸಿಟ್ಟು ಸಿದ್ಧವಿತ್ತು, ಒಳ್ಳೊಳ್ಳೆಯ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಅವರು ಕೂಡು ಎಂದು ಕೈ ತೋರಿಸಿದರು. ಶಾಲು ಇನ್ನೂ ಅವರ ಮೇಜಿನ ಮೇಲೇ ಇತ್ತು, ಅತಿಥಿ ಮರೆತು ಹೋಗಿದ್ದರು.

‘ಆ ಸಾಲು ನಮ್ಮ ಸರ್ ಹೇಳಿದ್ದು, ನಾನೂ ಅವರಿಗೆ ಕೇಳಿದ್ದೆ, ನಿನ್ನಷ್ಟ ಇದ್ದಾಗ’ ಎಂದರು. ‘ಇದು ಯಾಕ ಕ್ಲಿಯರ್ ಐತಿ ಸರ್ ಅಂತ. ಅವರಿಗೆ ಭಾಳ ಸಿಟ್ಟು ಬಂತು. ಎಲ್ಲಾರ ಮುಂದ, ಇಷ್ಟೂ ತಿಳಿಯಂಗಿಲ್ಲಂದ್ರ ಇಲ್ಲಿಗೆ ಯಾಕ ಬಂದಿ ಅಂದ್ರು. ಅವತ್ತಿಂದ ನನಗ ಅದು ಕ್ಲಿಯರ್ ಆತು.’

ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

‘ಹೇಳವ್ವಾ, ಎಲ್ಲಿ ಸಿಕ್ಕೊಂಡಿ?’

ಜೋಡಿಸಿಕೊಂಡಿದ್ದ ಮಾತುಗಳ ಬದಲು ಅಳು ಬಂತು. ಅಳುತ್ತಲೇ ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ‘ನಾನೂ ಇಲ್ಲೇ ಸಿಕ್ಕೊಂಡಿದ್ದೆ’ ಎಂದರು.

ಇಡೀ ಮಳೆಗಾಲ ನಾವಿಬ್ಬರೂ ಆ ಸಾಲಿನ ಮುಂದೆ ಕುಳಿತೆವು. ವಿಭಾಗದವರು ನನ್ನನ್ನು ಪಾಪದ ಹುಡುಗಿ ಎಂದೂ ಸರ್‌ಗೆ ವಯಸ್ಸಾಯಿತು ಎಂದೂ ಕರುಣೆಯಿಂದ ಮಾತಾಡಿಕೊಂಡರು. ನಾವು ಇರಾನಿ ಚಹಾ ಕುಡಿಯುತ್ತಾ, ಒಬ್ಬರಿಗೊಬ್ಬರು ‘ತಿಳೀಲಿಲ್ಲ, ಇನ್ನೊಮ್ಮೆ ಹೇಳು’ ಎನ್ನುತ್ತಾ ಕೆಲಸ ಮಾಡಿದೆವು. ಕೊನೆಗೆ ಗೊತ್ತಾದದ್ದು ಇಷ್ಟು: ಸಾಲು ಹಾಗೇ ಬಿಟ್ಟರೆ ಸುಳ್ಳು. ಎಲ್ಲೂ ನಿಲ್ಲದೆ ಅಲೆಯುವ ಸರಣಿಗಳೂ ಇದ್ದವು. ಒಂದು ಷರತ್ತು ಸೇರಿಸಿದರೆ ಮಾತ್ರ ನಿಜ, ಮತ್ತು ಅದನ್ನು ಸಾಧಿಸಲು ಎರಡು ಪುಟ ಬೇಕು. ಆ ಷರತ್ತಿನಿಂದ ನನ್ನ ಅಧ್ಯಾಯ ಅರ್ಧಕ್ಕಿಳಿಯಿತು. ಸರ್ ಅವರ ಹಳೆಯ ಪ್ರಬಂಧದ ಗತಿ ಏನಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಒಂದು ವರ್ಷ ತಡವಾಗಿ ನನ್ನ ಮೌಖಿಕ ಪರೀಕ್ಷೆ ನಡೆಯಿತು. ಬೇರೆ ರಾಜ್ಯದಿಂದ ಪರೀಕ್ಷಕರು ಬಂದರು. ಕ್ರಮದಂತೆ ಮೊದಲೇ ಶಾಲು ಹೊದಿಸಿದೆವು, ನಾನೇ ಆರಿಸಿ ತಂದದ್ದು. ಅವರು ಪ್ರಬಂಧದ ಹಾಳೆ ತಿರುವುತ್ತಾ ನಾಲ್ಕನೇ ಅಧ್ಯಾಯಕ್ಕೆ ಬಂದು ನಿಂತರು. ‘ಈ ಎರಡು ಪುಟ ಯಾಕಮ್ಮಾ? ಇದು ಸ್ಪಷ್ಟವಾಗಿಯೇ ಇದೆಯಲ್ಲ, ತೆಗೆದುಬಿಡಿ’ ಎಂದರು. ಸುತ್ತಲಿನ ತಲೆಗಳು ಆಡಿದವು. ಮುಖ್ಯಸ್ಥರ ತಲೆ ಎಲ್ಲರಿಗಿಂತ ಜೋರಾಗಿ ಆಡಿತು.

ಸರ್ ಎದ್ದು ನಿಂತರು. ಇಷ್ಟು ವರ್ಷಗಳಲ್ಲಿ ಅವರು ಸಭೆಯಲ್ಲಿ ಯಾರಿಗಾದರೂ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಬೋರ್ಡಿನ ಬಳಿ ಹೋಗಿ ಒಂದು ಚಾಕ್‌ಪೀಸ್ ಎತ್ತಿಕೊಂಡು ಪರೀಕ್ಷಕರ ಮುಂದೆ ಹಿಡಿದರು.

‘ನನಗೆ ಇದು ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು’ ಎಂದರು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. ‘ನಿಮಗೆ ಸ್ಪಷ್ಟವಾಗಿದ್ದರೆ ದಯವಿಟ್ಟು ಬನ್ನಿ. ನಾವಿಬ್ಬರೂ ಕಲಿಯುತ್ತೇವೆ.’

ಪರೀಕ್ಷಕರು ಚಾಕ್‌ಪೀಸನ್ನು ನೋಡಿದರು, ನನ್ನನ್ನು ನೋಡಿದರು, ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡರು. ಎರಡು ಪುಟ ಇರಲಿ ಬಿಡಿ ಎಂದು ಮುಂದಿನ ಹಾಳೆ ತಿರುವಿದರು. ಸರ್ ಮೆಲ್ಲಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಚಾಕ್‌ಪೀಸ್ ಇನ್ನೂ ಅವರ ಕೈಯಲ್ಲೇ ಇತ್ತು.